ಚಿಂಚೋಳಿ ವನ್ಯಜೀವಿಧಾಮ

ಚಿಂಚೋಳಿ ವನ್ಯಜೀವಿಧಾಮವು ಕರ್ನಾಟಕದ ಕಲಬುರಗಿ ಜಿಲ್ಲೆಯ ಚಿಂಚೋಳಿ ತಾಲ್ಲೂಕಿನಲ್ಲಿ, ತೆಲಂಗಾಣದ ಗಡಿಗೆ ಹೊಂದಿಕೊಂಡಿರುವ ರಕ್ಷಿತ ಅರಣ್ಯಪ್ರದೇಶ. ಇದರ ವಿಸ್ತೀರ್ಣ 134.88 ಚದರ ಕಿಲೋಮೀಟರ್. ಕರ್ನಾಟಕ ಸರ್ಕಾರವು 2011ರಲ್ಲಿ ಇದನ್ನು ವನ್ಯಜೀವಿಧಾಮವೆಂದು ಘೋಷಿಸಿತು. ಸುತ್ತಲಿನ ಜನ ಬಹುಕಾಲದಿಂದ ಇದನ್ನು ಕುಂಚಾವರಂ ಕಾಡು ಎಂದೇ ಕರೆಯುತ್ತ ಬಂದಿದ್ದಾರೆ. ತೊಗರಿ ಮತ್ತು ಜೋಳದ ಹೊಲಗಳ ಬಯಲುಸೀಮೆಯೆಂದು ಹೆಸರಾದ ಕಲಬುರಗಿ ಜಿಲ್ಲೆಯಲ್ಲಿ ಕಾಡು ಎನ್ನಬಹುದಾದಷ್ಟು ಮರಗಿಡಗಳು ಒಂದೆಡೆ ಉಳಿದಿರುವುದು ಮುಖ್ಯವಾಗಿ ಇಲ್ಲಿಯೇ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಪಟ್ಟಣಗಳ ಜನರಿಗೂ ಶಾಲಾ ಮಕ್ಕಳಿಗೂ ಇದು ಹತ್ತಿರದ ಅರಣ್ಯ.

ದಕ್ಷಿಣ ಭಾರತದ ಮೊದಲ ಒಣಭೂಮಿ ವನ್ಯಜೀವಿಧಾಮ ಎಂದು ಇದನ್ನು ವರ್ಣಿಸುವುದುಂಟು. ಈ ಮಾತನ್ನು ಸ್ವಲ್ಪ ಎಚ್ಚರದಿಂದ ಗ್ರಹಿಸಬೇಕು. ಕೃಷ್ಣಮೃಗಗಳಿಗೆ ಮೀಸಲಾದ ರಾಣೆಬೆನ್ನೂರು, ತೋಳಗಳಿಗಾಗಿ 1974ರಲ್ಲಿ ಘೋಷಿತವಾದ ಮೇಲುಕೋಟೆ, ಕರಡಿಗಳ ದರೋಜಿ ಇವೆಲ್ಲವೂ ಮಳೆ ಕಡಿಮೆಯಿರುವ ನಾಡಿನ ಧಾಮಗಳೇ. ಅವುಗಳನ್ನು ಒಂದೊಂದು ಪ್ರಾಣಿಯ ಸಲುವಾಗಿ ರಕ್ಷಿಸಲಾಗಿದೆ. ಚಿಂಚೋಳಿಯಲ್ಲಾದರೋ ಯಾವ ಒಂದು ಪ್ರಾಣಿಯ ಹೆಸರೂ ಧಾಮಕ್ಕೆ ಅಂಟಿಕೊಂಡಿಲ್ಲ. ಇಲ್ಲಿ ರಕ್ಷಣೆಗೆ ಒಳಪಟ್ಟಿರುವುದು ಒಣಕಾಡು, ಕುರುಚಲು, ಹುಲ್ಲುಬಯಲು ಮತ್ತು ಕೆರೆಯಂಗಳಗಳು ಬೆರೆತ ಒಂದು ಭೂಭಾಗ. ಬಂಡೀಪುರ, ನಾಗರಹೊಳೆಗಳ ಚಿತ್ರವನ್ನು ಮನಸ್ಸಿನಲ್ಲಿಟ್ಟುಕೊಂಡು ಬರುವವರಿಗೆ ಈ ಕಾಡು ಮೊದಲ ನೋಟಕ್ಕೆ ಬಡವಾಗಿ ಕಾಣುತ್ತದೆ. ಇಲ್ಲಿ ಆನೆಗಳಿಲ್ಲ. ವರ್ಷದ ಅರ್ಧ ಕಾಲ ಮರಗಳ ಮೇಲೆ ಎಲೆಗಳೂ ಇರುವುದಿಲ್ಲ. ಇಲ್ಲಿಯ ಮುಖ್ಯ ಪ್ರಾಣಿಗಳು ಬಾಳುವುದು ಈ ತೆರೆದ, ಒಣಗಿದ ನೆಲದ ಆಸರೆಯಿಂದಲೇ ಎಂಬುದು ತಿಳಿದ ಮೇಲೆ ನೋಟ ಬದಲಾಗುತ್ತದೆ.

ನೆಲ ಮತ್ತು ನೀರು

ಜಿಲ್ಲೆಯ ಪೂರ್ವಭಾಗದ ಭೂರಚನೆಯಲ್ಲಿ ಎರಡು ಬಗೆಗಳು ಸ್ಪಷ್ಟವಾಗಿವೆ. ಸೇಡಂನಿಂದ ಚಿತ್ತಾಪುರ, ವಾಡಿ, ಶಹಾಬಾದ್‌ವರೆಗೆ ಹಬ್ಬಿರುವುದು ಸುಣ್ಣಕಲ್ಲಿನ ಪಟ್ಟಿ. ಭೂವಿಜ್ಞಾನಿಗಳು ಭೀಮಾ ಶಿಲಾಸಮೂಹವೆಂದು ಕರೆಯುವ ಈ ಕಲ್ಲು ಪುರಾತನ ಸಾಗರತಳದಲ್ಲಿ ಪದರುಪದರಾಗಿ ಸಂಚಯಗೊಂಡದ್ದು. ಮನೆಗಳಿಗೆ ಹಾಸುವ ಶಹಾಬಾದಿ ಫರಸಿಯೂ, ವಾಡಿ, ಸೇಡಂ, ಮಳಖೇಡಗಳ ಸಿಮೆಂಟ್ ಕಾರ್ಖಾನೆಗಳಿಗೆ ಬೇಕಾದ ಕಚ್ಚಾವಸ್ತುವೂ ಇದರಿಂದಲೇ ದೊರೆಯುತ್ತವೆ. ಚಿಂಚೋಳಿಯ ಕಡೆಗೆ ಸಾಗಿದಂತೆ ನೆಲ ಏರುತ್ತದೆ. ಅಲ್ಲಿ ಸುಮಾರು 6.6 ಕೋಟಿ ವರ್ಷಗಳ ಹಿಂದಿನ ಲಾವಾರಸದಿಂದಾದ ದಖ್ಖನ್ ಕಪ್ಪುಶಿಲೆ ಇದೆ. ಅಲ್ಲಲ್ಲಿ ಅದರ ಮೇಲೆ ಕೆಂಪು ಜಂಬಿಟ್ಟಿಗೆಯ ಹೊದಿಕೆ. ಜಂಬಿಟ್ಟಿಗೆಯಲ್ಲಿ ರಂಧ್ರಗಳು ಹೆಚ್ಚು. ಮಳೆನೀರು ಅದರಲ್ಲಿ ಸುಲಭವಾಗಿ ಇಳಿದು, ಕೆಳಗಿನ ಗಟ್ಟಿ ಶಿಲೆ ತಡೆದಲ್ಲಿ ನಿಂತು, ಇಳಿಜಾರಿನಲ್ಲಿ ಒರತೆಯಾಗಿ ಹೊರಬರುತ್ತದೆ. ನೆರೆಯ ಬೀದರಿನ ಸುರಂಗ ಬಾವಿಗಳನ್ನು ತೋಡಿದವರು ಇದೇ ಗುಣವನ್ನು ಬಳಸಿಕೊಂಡಿದ್ದರು.

ಕಲಬುರಗಿ ಜಿಲ್ಲೆಯ ತಾಲ್ಲೂಕುಗಳಲ್ಲಿ ಮಳೆ ಹೆಚ್ಚಾಗಿ ಬೀಳುವುದು ಚಿಂಚೋಳಿಯಲ್ಲಿ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲೇ ಮುಗಿಯುತ್ತದೆ. ಏಪ್ರಿಲ್, ಮೇ ತಿಂಗಳುಗಳಲ್ಲಿ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ದಾಟುವುದು ಇಲ್ಲಿ ವಿಶೇಷವೇನಲ್ಲ.

ಧಾಮದೊಳಗೆ ಚಂದ್ರಂಪಳ್ಳಿ ಜಲಾಶಯವೂ ಇನ್ನೂ ಕೆಲವು ಚಿಕ್ಕ ಒಡ್ಡುಗಳೂ ಇವೆ. ಗುಡ್ಡಗಳ ನಡುವೆ ಸರನಾಲಾ ಹಳ್ಳಕ್ಕೆ ಅಡ್ಡಲಾಗಿ ಕಟ್ಟಿದ ಚಂದ್ರಂಪಳ್ಳಿ ಒಡ್ಡನ್ನು ನೀರಾವರಿಗೆಂದು ನಿರ್ಮಿಸಿದ್ದರೂ, ಬೇಸಿಗೆಯಲ್ಲಿ ಕಾಡಿನ ಪ್ರಾಣಿಗಳಿಗೆ ಅದೇ ದೊಡ್ಡ ಆಧಾರ. ಸರನಾಲಾ ಮುಲ್ಲಾಮಾರಿ ನದಿಗೂ, ಮುಲ್ಲಾಮಾರಿ ಕಾಗಿಣಾ ನದಿಗೂ ಸೇರುತ್ತವೆ. ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಾನ್ಯಖೇಟ, ಅಂದರೆ ಇಂದಿನ ಮಳಖೇಡ, ಇದೇ ಕಾಗಿಣೆಯ ದಡದಲ್ಲಿದೆ. ಕಾಗಿಣಾ ಮುಂದೆ ಶಹಾಬಾದಿನ ಸಮೀಪ ಭೀಮೆಯಲ್ಲಿ ಲೀನವಾಗುತ್ತದೆ. ಕುಂಚಾವರಂ ಗುಡ್ಡಗಳ ಮೇಲೆ ಬಿದ್ದ ಮಳೆ ಹೀಗೆ ಸುಣ್ಣಕಲ್ಲಿನ ಪಟ್ಟಿಯನ್ನು ಹಾಯ್ದು ಹೋಗುವುದರಿಂದ, ಗುಡ್ಡದ ಮೇಲಿನ ಕಾಡು ತೆಳುವಾದರೆ ಅದರ ಫಲವನ್ನು ಕೆಳಗಿನ ಊರುಗಳೂ ಉಣ್ಣಬೇಕಾಗುತ್ತದೆ.

ಸಸ್ಯಗಳು

ಧಾಮದ ಒಳಭಾಗದಲ್ಲಿ ಎಲೆ ಉದುರಿಸುವ ಒಣಕಾಡು ಪ್ರಧಾನ; ನೀರಿನ ಆಸರೆಯಿರುವ ಕಣಿವೆಗಳಲ್ಲಿ ಸ್ವಲ್ಪ ತೇವದ ಎಲೆ ಉದುರುವ ಕಾಡೂ ಇದೆ. ಅಂಚುಗಳಲ್ಲಿ ತೇಗ ಮತ್ತು ಅಕೇಶಿಯಾದ ನೆಡುತೋಪುಗಳಿವೆ. ಎಲೆ ಉದುರಿಸುವುದು ಮರದ ದೌರ್ಬಲ್ಯವಲ್ಲ. ನೆಲದಲ್ಲಿ ತೇವ ಕುಗ್ಗಿದಾಗ ಎಲೆಗಳ ಮೂಲಕ ಆವಿಯಾಗಿ ಹೋಗುವ ನೀರನ್ನು ಉಳಿಸಿಕೊಳ್ಳಲು ಮರವು ಕಂಡುಕೊಂಡ ಉಪಾಯವದು. ಉದುರಿದ ತರಗೆಲೆ ಬೇರಿನ ಮೇಲಿನ ಮಣ್ಣನ್ನು ಮುಚ್ಚಿ ಬಿಸಿಲಿನಿಂದ ಕಾಯುತ್ತದೆ. ಅದೇ ತರಗೆಲೆ ಮಾರ್ಚ್ ಹೊತ್ತಿಗೆ ಕಾಳ್ಗಿಚ್ಚಿನ ಇಂಧನವೂ ಆಗುತ್ತದೆ.

ಇಂಥ ಕಾಡಿನ ಸಾಮಾನ್ಯ ಮರಗಳೆಂದರೆ ತೇಗ, ಮತ್ತಿ, ದಿಂಡಲ, ಹೊನ್ನೆ, ಕಗ್ಗಲಿ, ಜಾಲಿ, ಬೇವು, ಹೊಂಗೆ, ಬಾರಿ, ನೆಲ್ಲಿ, ತಾರೆ ಮುಂತಾದವು. ಇವುಗಳಲ್ಲಿ ಮುತ್ತಲಕ್ಕೆ ವಿಶೇಷ ಸ್ಥಾನವುಂಟು. ದಕ್ಷಿಣದ ಜಿಲ್ಲೆಗಳವರು ಮುತ್ತುಗವೆಂದೂ ಗಡಿಯಾಚೆಯ ತೆಲುಗರು ಮೋದುಗವೆಂದೂ ಕರೆಯುವ ಈ ಮರ ಫೆಬ್ರವರಿ, ಮಾರ್ಚ್ ತಿಂಗಳುಗಳಲ್ಲಿ ಎಲೆಗಳನ್ನೆಲ್ಲ ಕಳಚಿ ಬರಿಯ ಕೊಂಬೆಗಳ ತುಂಬ ಕೆಂಡದ ಬಣ್ಣದ ಹೂ ಬಿಡುತ್ತದೆ. ಬೇರೆ ಆಹಾರ ವಿರಳವಾದ ಆ ದಿನಗಳಲ್ಲಿ ಅದರ ಮಕರಂದಕ್ಕೆ ಹಕ್ಕಿಗಳು ಮುತ್ತುತ್ತವೆ. ಅದರ ಅಗಲವಾದ ಎಲೆಗಳನ್ನು ಕಡ್ಡಿಯಿಂದ ಹೆಣೆದು ಪತ್ರಾವಳಿ ಮಾಡುವ ರೂಢಿ ಈ ಭಾಗದಲ್ಲಿ ಹಳೆಯದು. ಮುತ್ತಲದ ಹೂ ಉದುರುತ್ತಿದ್ದಂತೆ ಕಕ್ಕೆಯ ಸರದಿ. ಬೇಸಿಗೆಯ ನಡುವಿನಲ್ಲಿ ಹಳದಿ ಹೂಗೊಂಚಲುಗಳನ್ನು ಇಳಿಬಿಟ್ಟು ಅದು ನಿಲ್ಲುತ್ತದೆ.

ಕನ್ನಡದಲ್ಲಿ ತುಮರಿಯೆಂದೂ ತೆಲುಗಿನಲ್ಲಿ ತುನಿಕಿಯೆಂದೂ ಹೆಸರಿರುವ ಗಿಡ ಬೀಡಿ ಸುತ್ತುವ ಎಲೆಯ ಮೂಲ. ಚಿಗುರೆಲೆ ಬಲಿಯುವ ಬೇಸಿಗೆಯಲ್ಲೇ ಅದನ್ನು ಕೀಳಬೇಕು. ಹೊಲದಲ್ಲಿ ಕೆಲಸವಿಲ್ಲದ ಕಾಲವೂ ಅದೇ ಆದುದರಿಂದ ದಖ್ಖನಿನ ಒಣಕಾಡುಗಳ ಅಂಚಿನ ಬಡವರಿಗೆ ಈ ಎಲೆ ಒಂದು ಆದಾಯ. ತುಮರಿಯ ಹಣ್ಣನ್ನು ಮನುಷ್ಯರೂ ಪ್ರಾಣಿಗಳೂ ತಿನ್ನುತ್ತಾರೆ.

ಶ್ರೀಗಂಧ ಮತ್ತು ರಕ್ತಚಂದನಗಳು ಇಲ್ಲಿರುವುದನ್ನು ಧಾಮದ ವಿವರಣೆಗಳಲ್ಲಿ ಹೆಮ್ಮೆಯಿಂದ ಹೇಳಲಾಗುತ್ತದೆ. ಹೆಸರಿನಲ್ಲಿ ಸಾಮ್ಯವಿದ್ದರೂ ಎರಡಕ್ಕೂ ಸಂಬಂಧವಿಲ್ಲ. ಶ್ರೀಗಂಧ ಅರೆಪರಾವಲಂಬಿ; ತನ್ನ ಬೇರನ್ನು ಪಕ್ಕದ ಗಿಡಗಳ ಬೇರಿಗೆ ಕಚ್ಚಿಸಿ ಆಹಾರದ ಒಂದಂಶವನ್ನು ಪಡೆಯುತ್ತದೆ. ಹಲವು ಜಾತಿಯ ಗಿಡಗಳು ಬೆರೆತ ಕುರುಚಲು ಕಾಡಿನಲ್ಲಿ ಅದು ಹುಲುಸಾಗಿ ಬೆಳೆಯಲು ಇದೇ ಕಾರಣ. ರಕ್ತಚಂದನ ಹೊನ್ನೆಯ ಹತ್ತಿರದ ಬಂಧು. ಅದರ ಸಹಜ ನೆಲೆ ಆಂಧ್ರಪ್ರದೇಶದ ದಕ್ಷಿಣದ ಬೆಟ್ಟಸಾಲುಗಳು. ಚಿಂಚೋಳಿ ಆ ನೆಲೆಯಿಂದ ಬಹಳ ದೂರದಲ್ಲಿದೆ ಎಂಬುದನ್ನು ಓದುಗರು ಗಮನಿಸಬೇಕು.

ಹೊರಗಿನಿಂದ ಬಂದು ಒಳಗಿನದೇ ಆಗಿಹೋದ ಗಿಡ ಸೀತಾಫಲ. ಉಷ್ಣವಲಯದ ಅಮೆರಿಕ ಇದರ ತವರು. ಆಡು, ದನಗಳು ಇದರ ಎಲೆಯನ್ನು ಮುಟ್ಟುವುದಿಲ್ಲ. ಆದ್ದರಿಂದ ಮೇವಿನ ಒತ್ತಡವಿರುವ ದಖ್ಖನಿನ ಕಲ್ಲುಗುಡ್ಡಗಳಲ್ಲೆಲ್ಲ ಅದು ಹಬ್ಬಿಕೊಂಡಿದೆ. ಮಳೆಗಾಲದ ಕೊನೆಗೆ ಹಣ್ಣಾಗುತ್ತದೆ. ಅದೇ ರೀತಿ ಅಮೆರಿಕ ಖಂಡದಿಂದ ಬಂದ ಲಂಟಾನದ ಬಗ್ಗೆ ಇಂಥ ಒಳ್ಳೆಯ ಮಾತನ್ನು ಹೇಳುವಂತಿಲ್ಲ. ಅದು ಹುಲ್ಲನ್ನು ನುಂಗಿ ಬೆಳೆಯುತ್ತದೆ.

ಸಸ್ತನಿಗಳು

ಕೃಷ್ಣಮೃಗ, ಕೊಂಡುಕುರಿ, ತೋಳ, ಕತ್ತೆಕಿರುಬ, ನರಿ ಮತ್ತು ಹಣ್ಣು ತಿನ್ನುವ ಬಾವಲಿಗಳು ಈ ಧಾಮದ ಮುಖ್ಯ ಸಸ್ತನಿಗಳು. ಮೊಲ, ಕಾಡುಹಂದಿ, ಮುಳ್ಳುಹಂದಿ, ಮುಂಗುಸಿಗಳು ದಖ್ಖನಿನ ಎಲ್ಲ ಒಣಕಾಡುಗಳಲ್ಲಿ ಇರುವಂಥವು.

ತೋಳವನ್ನು ಕಾಡುಪ್ರಾಣಿಯೆಂದು ಕರೆಯುವುದೇ ಅರ್ಧಸತ್ಯ. ಭಾರತೀಯ ತೋಳ ದಟ್ಟ ಮರಗಳ ನಡುವೆ ಇರಬಯಸುವುದಿಲ್ಲ. ಹುಲ್ಲುಬಯಲು, ಕುರುಚಲು, ಬೀಳುಬಿದ್ದ ಹೊಲ, ಹಳ್ಳದ ಕೊರಕಲು ಇವು ಅದರ ವಾಸಸ್ಥಾನ. ಹಿಮದ ನಾಡುಗಳ ತೋಳಕ್ಕಿಂತ ಇದು ಮೈಯಲ್ಲಿ ಚಿಕ್ಕದು, ಕೂದಲು ತೆಳು, ಹಿಂಡೂ ಸಣ್ಣದು. ಸುಮಾರು ಎರಡು ತಿಂಗಳ ಗರ್ಭದ ನಂತರ, ಹೆಚ್ಚಾಗಿ ಚಳಿಗಾಲದಲ್ಲಿ, ನೆಲದ ಬಿಲದಲ್ಲಿ ಮರಿ ಹಾಕುತ್ತದೆ. ಜಿಂಕೆ, ಚಿಗರಿಗಳು ಕಡಿಮೆಯಾದಲ್ಲೆಲ್ಲ ಅದು ಕುರಿ, ಮೇಕೆಗಳನ್ನು ಅವಲಂಬಿಸಿದೆ. ಹೀಗಾಗಿ ಕುರಿಗಾಹಿಗೂ ತೋಳಕ್ಕೂ ವೈರವಿದ್ದರೂ ಒಬ್ಬರನ್ನೊಬ್ಬರು ಬಲ್ಲ ಸಂಬಂಧವೂ ಇದೆ. ಮರಿಗಳಿರುವ ಬಿಲ ಸುರಕ್ಷಿತವಾಗಿ ಉಳಿಯುವುದೂ ಹೊಗೆಗೆ ಬಲಿಯಾಗುವುದೂ ಬಹುಮಟ್ಟಿಗೆ ಆ ಕುರಿಗಾಹಿಯ ಮನಸ್ಸನ್ನು ಅವಲಂಬಿಸಿದೆ. ಊರನಾಯಿಗಳಿಂದ ಹರಡುವ ರೋಗಗಳು ಇನ್ನೊಂದು ಅಪಾಯ. ನಾಯಿಗಳೊಡನೆ ಬೆರೆತು ಮಿಶ್ರತಳಿಯ ಮರಿಗಳು ಹುಟ್ಟಿರುವುದನ್ನು ಮಹಾರಾಷ್ಟ್ರದಲ್ಲಿ ವಿಜ್ಞಾನಿಗಳು ದಾಖಲಿಸಿದ್ದಾರೆ.

ಕೃಷ್ಣಮೃಗವನ್ನು ಉತ್ತರ ಕರ್ನಾಟಕದಲ್ಲಿ ಚಿಗರಿ ಎನ್ನುತ್ತಾರೆ. ತಿರುಚಿದ ಕೊಂಬೂ ಕಪ್ಪು ಬೆನ್ನೂ ಇರುವುದು ಬೆಳೆದ ಗಂಡಿಗೆ ಮಾತ್ರ. ಹೆಣ್ಣುಗಳೂ ಮರಿಗಳೂ ಕಂದುಬಣ್ಣದವು. ವೇಗದ ಓಟವೇ ಅದರ ರಕ್ಷಣೆ. ದೂರದ ವೈರಿಯನ್ನು ಕಣ್ಣಿನಿಂದ ಗುರುತಿಸಿ ಓಡುವ ಈ ಪ್ರಾಣಿಗೆ ಮರಗಳು ಒತ್ತೊತ್ತಾಗಿ ಬೆಳೆದ ಜಾಗ ಹಿತವಲ್ಲ.

ಕೊಂಡುಕುರಿಯ ಸ್ವಭಾವ ಇದಕ್ಕೆ ತೀರ ವಿರುದ್ಧ. ನಾಲ್ಕು ಕೊಂಬುಗಳಿರುವ ಕಾಡುಪ್ರಾಣಿ ಪ್ರಪಂಚದಲ್ಲಿ ಇದೊಂದೇ. ಭಾರತ ಮತ್ತು ನೇಪಾಳಗಳನ್ನು ಬಿಟ್ಟರೆ ಬೇರೆಲ್ಲಿಯೂ ಇದು ಇಲ್ಲ. ಕೊಂಬುಗಳಿರುವುದು ಗಂಡಿಗೆ ಮಾತ್ರ. ಹಿಂದಿನ ಜೋಡಿ 8ರಿಂದ 12 ಸೆಂಟಿಮೀಟರ್ ಉದ್ದವಿದ್ದರೆ ಮುಂದಿನ ಜೋಡಿ 2ರಿಂದ 5 ಸೆಂಟಿಮೀಟರಿನ ಮೊಟಕು. ಭುಜದವರೆಗಿನ ಎತ್ತರ 60 ಸೆಂಟಿಮೀಟರಿನ ಆಸುಪಾಸು, ಅಂದರೆ ಊರಿನ ಮೇಕೆಯಷ್ಟೇ. ಹಿಂಡು ಕಟ್ಟದೆ ಒಂಟಿಯಾಗಿ, ಇಲ್ಲವೆ ಎರಡು ಮೂರು ಸೇರಿ, ಎತ್ತರದ ಹುಲ್ಲು ಮತ್ತು ಪೊದೆಗಳ ಮರೆಯಲ್ಲಿ ಇರುತ್ತದೆ. ನೀರಿನಿಂದ ಬಹು ದೂರ ಹೋಗುವುದಿಲ್ಲ. ಒಂದೇ ಸ್ಥಳದಲ್ಲಿ ಮತ್ತೆ ಮತ್ತೆ ಹಿಕ್ಕೆ ಹಾಕುವ ಅಭ್ಯಾಸವಿರುವುದರಿಂದ, ಕಣ್ಣಿಗೆ ಬೀಳದ ಈ ಪ್ರಾಣಿಯ ಇರವನ್ನು ಅರಣ್ಯ ಸಿಬ್ಬಂದಿ ಆ ಗುಡ್ಡೆಗಳಿಂದ ತಿಳಿಯುತ್ತಾರೆ. ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗದಲ್ಲಿ ಇದಕ್ಕಾಗಿಯೇ ಒಂದು ಧಾಮವಿದೆ.

ಕತ್ತೆಕಿರುಬದ ಕುರಿತು ಜನರಲ್ಲಿ ಭಯ ಹೆಚ್ಚು, ತಿಳಿವಳಿಕೆ ಕಡಿಮೆ. ಮೈಮೇಲೆ ಪಟ್ಟೆಗಳಿರುವ, ಹಿಂಭಾಗ ತಗ್ಗಿದ ಈ ನಿಶಾಚರಿ ಬಹುಪಾಲು ಸತ್ತ ಪ್ರಾಣಿಗಳನ್ನು ತಿಂದು ಜೀವಿಸುತ್ತದೆ. ಬೇರಾವ ಪ್ರಾಣಿಯೂ ಉಳಿಸಿಹೋದ ಎಲುಬುಗಳನ್ನು ಅದರ ದವಡೆ ಪುಡಿಮಾಡಬಲ್ಲುದು. ಸತ್ತ ದನವನ್ನು ಊರ ಹೊರಗೆ ಎಸೆಯುತ್ತಿದ್ದ ಕಾಲದಲ್ಲಿ ರಣಹದ್ದುಗಳೂ ಕತ್ತೆಕಿರುಬಗಳೂ ಊರಿನ ನೈರ್ಮಲ್ಯ ಕಾಯುತ್ತಿದ್ದವು. ನರಿ ಎಂಬ ಪದದ ಬಳಕೆಯಲ್ಲಿ ಗೊಂದಲವಿದೆ. ಹಿಂಡುಗೂಡಿ ಊಳಿಡುವ ದೊಡ್ಡ ಪ್ರಾಣಿಯನ್ನೂ, ಬಾಲದ ತುದಿ ಕಪ್ಪಾಗಿರುವ ಸಣ್ಣ ಪ್ರಾಣಿಯನ್ನೂ ಆಡುಮಾತಿನಲ್ಲಿ ನರಿಯೆಂದೇ ಹೇಳುತ್ತಾರೆ. ಇವೆರಡೂ ಬೇರೆ ಬೇರೆ ಕುಲದವು. ಎರಡನೆಯದು ಬಯಲಿನ ಬಿಲವಾಸಿ. ಇಲಿ, ಕೀಟ, ಬಾರಿಹಣ್ಣು ಅದರ ಆಹಾರ. ಹೊಲದ ಇಲಿಗಳನ್ನು ತಿನ್ನುವುದರಿಂದ ಅದು ರೈತನ ಮಿತ್ರ.

ದೊಡ್ಡ ಬಾವಲಿಗಳು ಹಗಲು ಹಳೆಯ ಆಲ, ಅರಳಿ, ಹುಣಸೆ ಮರಗಳಲ್ಲಿ ತಲೆಕೆಳಗಾಗಿ ತೂಗಿರುತ್ತವೆ. ರೆಕ್ಕೆ ಬಿಚ್ಚಿದರೆ ಒಂದು ಮೀಟರಿಗಿಂತ ಅಗಲ. ಇಪ್ಪೆಯಂಥ ಮರಗಳ ಪರಾಗಸ್ಪರ್ಶವೂ ಅನೇಕ ಹಣ್ಣುಗಳ ಬೀಜ ಪ್ರಸಾರವೂ ಇವುಗಳಿಂದ ನಡೆಯುತ್ತವೆ.

ಪಕ್ಷಿಗಳು, ಸರೀಸೃಪಗಳು

ಮೂವತ್ತೈದಕ್ಕೂ ಹೆಚ್ಚು ಜಾತಿಯ ಹಕ್ಕಿಗಳನ್ನು ಇಲ್ಲಿ ಗುರುತಿಸಲಾಗಿದೆ ಎಂಬುದು ಸಾಮಾನ್ಯವಾಗಿ ಕೊಡುವ ಲೆಕ್ಕ. ಕೆರೆ, ಹುಲ್ಲು, ಮರ ಮೂರೂ ಇರುವ ತಾಣಕ್ಕೆ ಈ ಸಂಖ್ಯೆ ತೀರ ಕಡಿಮೆಯೆಂದೇ ಹೇಳಬೇಕು. ಪಕ್ಷಿವೀಕ್ಷಕರು ಇತ್ತ ಬರುವುದು ವಿರಳವೆಂಬುದನ್ನು ಅದು ಸೂಚಿಸುತ್ತದೆ. ಕಾಜಾಣ, ಕರಿತಲೆಯ ಹೊನ್ನಕ್ಕಿ, ಕೆಂದಲೆ ಗಿಳಿ, ಪಾರಿವಾಳ, ಗೌಜಲಕ್ಕಿಗಳು ಪಟ್ಟಿಯಲ್ಲಿವೆ. ಹುಲ್ಲುಬಯಲಿನ ಮೇಲೆ ಒಂದೇ ಎಡೆಯಲ್ಲಿ ರೆಕ್ಕೆ ಬಡಿಯುತ್ತ ಗಾಳಿಯಲ್ಲಿ ನಿಲ್ಲುವ ಬೂದುಬಿಳಿಯ ಸಣ್ಣ ಹದ್ದು ಕಂಡರೆ ಅದು ಕಪ್ಪು ಭುಜ, ಕೆಂಪು ಕಣ್ಣುಗಳ ರಾಮದಾಸ ಹದ್ದು. ಗೌಜಲಕ್ಕಿಯ ಎರಡು ತುಣುಕಿನ ಏರುದನಿಯ ಕೂಗು ಮುಂಜಾವಿನಲ್ಲಿ ಬಹುದೂರ ಕೇಳುತ್ತದೆ. ಕರ್ನಾಟಕದ ರಾಜ್ಯಪಕ್ಷಿಯಾದ ನೀಲಕಂಠ ಈ ಸೀಮೆಯ ತಂತಿಗಳ ಮೇಲೆ ಚಳಿಗಾಲದಲ್ಲಿ ಸಾಮಾನ್ಯ.

ಕೇರೆ, ನಾಗರ, ಕೊಳಕುಮಂಡಲ ಹಾವುಗಳೂ ಉಡವೂ ಇಲ್ಲಿಯ ಹೊಲಕಾಡುಗಳಿಗೆ ಸಮಾನ. ಮಳೆಗಾಲದಲ್ಲಿ ಹುಲ್ಲಿನೊಳಗೆ ನಡೆಯುವವರು ಕೊಳಕುಮಂಡಲದ ಬಗ್ಗೆ ಜಾಗರೂಕರಾಗಿರಬೇಕು.

ತಾಂಡಾಗಳು ಮತ್ತು ಹಕ್ಕಿನ ಪ್ರಶ್ನೆ

ಧಾಮದ ಒಳಗೂ ಅಂಚಿನಲ್ಲೂ ಲಂಬಾಣಿ ತಾಂಡಾಗಳಿವೆ. ದೀಪಾವಳಿಯಲ್ಲಿ ಲಂಬಾಣಿ ಕನ್ಯೆಯರು ಗುಂಪಾಗಿ ಹಾಡುತ್ತ ಹೊಲ ಮತ್ತು ಕಾಡಿನಂಚಿಗೆ ಹೋಗಿ ಹೂ ತರುವುದು ಸಮುದಾಯದ ಪ್ರಸಿದ್ಧ ಆಚರಣೆ. ಸೌದೆ, ಮೇವು, ಹಣ್ಣು, ಎಲೆಗಳಿಗಾಗಿ ಈ ಕುಟುಂಬಗಳು ಕಾಡನ್ನು ನೆಚ್ಚಿವೆ. ವನ್ಯಜೀವಿಧಾಮದ ಘೋಷಣೆಯಾದೊಡನೆ ಇಂಥ ಬಳಕೆಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಿರ್ಬಂಧಕ್ಕೆ ಒಳಪಡುತ್ತವೆ.

2006ರ ಅರಣ್ಯ ಹಕ್ಕು ಕಾಯ್ದೆಯು ಅರಣ್ಯವಾಸಿಗಳಿಗೆ ಸಾಗುವಳಿ ಭೂಮಿಯ ಮೇಲೂ ಕಿರುಉತ್ಪನ್ನಗಳ ಮೇಲೂ ಹಕ್ಕು ನೀಡುತ್ತದೆ. ವನ್ಯಜೀವಿಧಾಮಗಳಿಗೂ ಅದು ಅನ್ವಯಿಸುತ್ತದೆ. ಇಲ್ಲಿ ರಾಜ್ಯದ ಗಡಿ ಒಂದು ವಿಚಿತ್ರ ಭೇದವನ್ನುಂಟುಮಾಡಿದೆ. ತೆಲಂಗಾಣದಲ್ಲಿ ಲಂಬಾಡರು 1976ರಿಂದ ಪರಿಶಿಷ್ಟ ಪಂಗಡದವರು. ಕರ್ನಾಟಕದಲ್ಲಿ ಲಂಬಾಣಿಗರು ಪರಿಶಿಷ್ಟ ಜಾತಿಯ ಪಟ್ಟಿಯಲ್ಲಿದ್ದಾರೆ. ಕಾಯ್ದೆಯ ಪ್ರಕಾರ ಪರಿಶಿಷ್ಟ ಪಂಗಡದವರು 2005ರ ಡಿಸೆಂಬರ್ 13ಕ್ಕೆ ಮೊದಲು ಅರಣ್ಯದಲ್ಲಿ ವಾಸಿಸುತ್ತಿದ್ದುದನ್ನು ತೋರಿಸಿದರೆ ಸಾಕು. ಇತರ ಪಾರಂಪರಿಕ ಅರಣ್ಯವಾಸಿಗಳು ಆ ದಿನಾಂಕಕ್ಕೆ ಹಿಂದಿನ ಮೂರು ತಲೆಮಾರು, ಅಂದರೆ 75 ವರ್ಷಗಳ ವಾಸವನ್ನು ಸಾಬೀತುಪಡಿಸಬೇಕು. ಒಂದೇ ಭಾಷೆಯಾಡುವ, ಪರಸ್ಪರ ಹೆಣ್ಣು ಕೊಟ್ಟು ತರುವ ಎರಡು ತಾಂಡಾಗಳು ಒಂದೇ ಕಾಡಿನ ಎರಡು ಬದಿಗಿದ್ದರೆ, ಗಡಿಯ ಈಚೆಯವರು 1930ರ ವೇಳೆಯ ನಿಜಾಮಶಾಹಿಯ ದಾಖಲೆಗಳನ್ನು ಹುಡುಕಬೇಕಾಗುತ್ತದೆ. ಆ ಕಾಲದ ಕಾಗದಗಳು ಉರ್ದುವಿನಲ್ಲಿವೆ. ಅಲೆದು ಬದುಕಿದವರ ಹೆಸರುಗಳು ಅವುಗಳಲ್ಲಿ ದೊರೆಯುವುದು ಸುಲಭವಲ್ಲ. ಧಾಮದ ಸಂರಕ್ಷಣೆಯನ್ನು ಕುರಿತ ಯಾವ ಚರ್ಚೆಯೂ ಈ ಸಂಗತಿಯನ್ನು ಬಿಟ್ಟು ಪೂರ್ಣವಾಗದು.

ಬಯಲನ್ನು ಕುರಿತ ಧೋರಣೆ ಇನ್ನೊಂದು ಪ್ರಶ್ನೆ. ಮರವಿಲ್ಲದ ಹುಲ್ಲುನೆಲವನ್ನು ಬೀಳುಭೂಮಿಯೆಂದು ಲೆಕ್ಕಕ್ಕೆ ಹಿಡಿದು, ಅದರಲ್ಲಿ ಗುಂಡಿ ತೋಡಿ ಅಕೇಶಿಯಾ ನೆಡುವುದನ್ನು ಹಸಿರೀಕರಣವೆನ್ನುವ ರೂಢಿ ದೇಶದಲ್ಲೆಲ್ಲ ಬೆಳೆದಿದೆ. ತೋಳ, ಚಿಗರಿ, ಬಯಲುನರಿ, ಗೌಜಲಕ್ಕಿಗಳಿಗೆ ಅಂಥ ತೋಪಿನಿಂದ ಪ್ರಯೋಜನವಿಲ್ಲ. ಇದ್ದ ನೆಲೆ ಇಲ್ಲವಾಗುತ್ತದೆ. ಕಣಿವೆಯಲ್ಲಿ ಮರ, ಇಳಿಜಾರಿನಲ್ಲಿ ಪೊದೆ, ಮೇಲ್ಗಡೆ ಹುಲ್ಲು ಎಂಬ ಸಹಜ ವಿನ್ಯಾಸವೇ ಇಲ್ಲಿ ಕೊಂಡುಕುರಿಗೂ ಚಿಗರಿಗೂ ಒಂದೇ ಧಾಮದಲ್ಲಿ ಎಡೆ ಕೊಟ್ಟಿದೆ.

ಭೇಟಿ

ಚಿಂಚೋಳಿ ಪಟ್ಟಣಕ್ಕೆ ಕಲಬುರಗಿ, ಸೇಡಂ ಮತ್ತು ತೆಲಂಗಾಣದ ತಾಂಡೂರು, ಜಹೀರಾಬಾದ್‌ಗಳಿಂದ ರಸ್ತೆ ಸಂಪರ್ಕವಿದೆ. 1874ರಲ್ಲಿ ತೆರೆದ ವಾಡಿ–ಸಿಕಂದರಾಬಾದ್ ರೈಲುಮಾರ್ಗದ ಚಿತ್ತಾಪುರ, ಸೇಡಂ, ತಾಂಡೂರು ನಿಲ್ದಾಣಗಳು ಹತ್ತಿರದವು. ಕಲಬುರಗಿಯ ವಿಮಾನ ನಿಲ್ದಾಣ 2019ರ ನವೆಂಬರ್‌ನಿಂದ ಕಾರ್ಯನಿರತವಾಗಿದೆ. ಚಂದ್ರಂಪಳ್ಳಿ ಜಲಾಶಯದ ದಡ, ಗೊಟ್ಟಂಗೊಟ್ಟದ ಗುಡ್ಡಪ್ರದೇಶ ಹಾಗೂ ತಾಲ್ಲೂಕಿನ ಎತ್ತಿಪೋತ ಜಲಪಾತಕ್ಕೆ ಪ್ರವಾಸಿಗರು ಹೆಚ್ಚಾಗಿ ಬರುತ್ತಾರೆ. ಜಲಪಾತಕ್ಕೆ ಜೀವ ಬರುವುದು ಮಳೆಗಾಲದಲ್ಲಿ ಮಾತ್ರ; ಪಾಚಿಗಟ್ಟಿದ ಬಂಡೆಗಳ ಮೇಲೆ ಇಳಿಯಬಾರದು.

ಹಸಿರನ್ನು ನೋಡಬಯಸುವವರಿಗೆ ಆಗಸ್ಟ್‌ನಿಂದ ನವೆಂಬರ್, ಹಕ್ಕಿಗಳಿಗೆ ಚಳಿಗಾಲ, ಮುತ್ತಲದ ಹೂವಿಗೆ ಫೆಬ್ರವರಿಯ ಕೊನೆ ತಕ್ಕ ಸಮಯ. ಪ್ರಾಣಿಗಳು ನೀರಿಗೆ ಬರುವ ಬೇಸಿಗೆಯಲ್ಲಿ ಕಾಣುವ ಸಾಧ್ಯತೆ ಹೆಚ್ಚಾದರೂ ಬಿಸಿಲು ಕಠಿಣ, ಬೆಂಕಿಯ ಭಯವೂ ಹೆಚ್ಚು. ಬೀಡಿ, ಬೆಂಕಿಕಡ್ಡಿಗಳನ್ನು ಒಳಗೆ ಒಯ್ಯಬಾರದು. ಧಾಮದ ಒಳಗೆ ಹೋಗಲು ಅರಣ್ಯ ಇಲಾಖೆಯ ಅನುಮತಿ ಅಗತ್ಯ. ಶಾಲಾ ಪ್ರವಾಸದವರು ಮುಂಜಾನೆ ಏಳರೊಳಗೆ ಕೆರೆಯ ಬಳಿ ಇರುವಂತೆ ಹೊರಟರೆ ಹಕ್ಕಿಗಳನ್ನಾದರೂ ನೋಡಬಹುದು. ಹತ್ತರ ನಂತರ ಬಂದವರಿಗೆ ಬಹುತೇಕ ಹಿಕ್ಕೆ ಮತ್ತು ಹೆಜ್ಜೆಗುರುತುಗಳೇ ಗತಿ. ದಡದ ಹಸಿಮಣ್ಣಿನಲ್ಲಿ ತೋಳದ ಹೆಜ್ಜೆಯನ್ನು ನಾಯಿಯದರಿಂದ ಬೇರ್ಪಡಿಸುವುದು ಕಷ್ಟ. ನಾಯಿ ಅತ್ತಿತ್ತ ಅಲೆಯುತ್ತ ನಡೆದರೆ ತೋಳದ ಜಾಡು ಸಾಮಾನ್ಯವಾಗಿ ನೇರಗೆರೆಯಲ್ಲಿ ಸಾಗಿರುತ್ತದೆ.